ಪಂಚೆಯ ಹಿಂದಿನ ಟ್ಯೂಬ್‌ಲೈಟ್

ನಮ್ಮ ಇಚಿಲಂಪಾಡಿಯ ಮನೆಗೆ ಮೊದಲ ಸಲ ಬಂದವರು ಬೆಲ್ಲ ಕಚ್ಚಿ ನೀರು ಕುಡಿದು ಮುಗಿಸುವ ಮೊದಲೇ ಒಂದು ಪ್ರಶ್ನೆ ಕೇಳುತ್ತಾರೆ. ಜಗಲಿಯ ಬಲಬದಿಯಲ್ಲಿ, ಸೊಂಟದೆತ್ತರಕ್ಕೆ, ಒಂದು ಮರದ ಚೌಕಟ್ಟು ನಿಂತಿದೆ. ಅದಕ್ಕೆ ಗಾಜು, ಗಾಜಿನ ಮೇಲೆ ಬಿಗಿಯಾಗಿ ಎಳೆದು ಕಟ್ಟಿದ ಬಿಳಿ ಪಂಚೆ. ಪಂಚೆಯ ಹಿಂದೆ ಎರಡು ಟ್ಯೂಬ್‌ಲೈಟು. ಗೋಡೆಯ ಮೇಲಿರಬೇಕಾದ ಟ್ಯೂಬ್‌ಲೈಟು ಇಷ್ಟು ಕೆಳಗೆ ಎಂತಕ್ಕೆ, ಅದಕ್ಕೆ ಪಂಚೆ ಉಡಿಸಿದ್ದು ಎಂತಕ್ಕೆ ಎಂದು ಬಂದವರಿಗೆ ಆಶ್ಚರ್ಯ. ಉತ್ತರ ಹೇಳುವ ಅವಕಾಶವನ್ನು ನಾನು ಮನೆಯಲ್ಲಿ ಯಾರಿಗೂ ಬಿಟ್ಟುಕೊಡುವುದಿಲ್ಲ. ಅದು ನಮ್ಮ ಅತ್ತೆ ಮಾಡಿದ್ದು, ಪಂಚೆ ನಮ್ಮ ದೊಡ್ಡಪ್ಪನದ್ದು ಎಂದು ಎದೆ ಸ್ವಲ್ಪ ಮುಂದೆ ಮಾಡಿಯೇ ಹೇಳುತ್ತೇನೆ.

ಅತ್ತೆ ಅಂದರೆ ನನ್ನ ಅಪ್ಪನ ತಂಗಿ. ಮದುವೆಯಾಗಿ ಸುಳ್ಯದ ಕಡೆ ಹೋದವರು, ಮಾವ ತೀರಿಕೊಂಡ ಮೇಲೆ ತವರಿಗೆ ಬಂದು ನಮ್ಮೊಂದಿಗೇ ಇದ್ದಾರೆ. ದೊಡ್ಡಪ್ಪ ಅವರ ಹಿರಿಯ ಅಣ್ಣ. ಅಪ್ಪನಿಗೆ ಅಡಿಕೆ, ತೆಂಗು. ದೊಡ್ಡಪ್ಪನಿಗೆ ಗುಡ್ಡದ ರಬ್ಬರು. ಇದು ಯಾರೂ ಬರೆದಿಡದ, ಯಾರೂ ಮೀರದ ಪಾಲು. ಅತ್ತೆ ಬಂದ ಮೇಲೆ ರಬ್ಬರಿನ ಅರ್ಧ ಕೆಲಸ ತಾನಾಗಿ ಅವರ ಕೈಗೆ ಬಂತು. ರಬ್ಬರ್ ಮರದ ಹಾಲು ಸೋಸುವುದು, ಆಸಿಡ್ ಬೆರೆಸಿ ತಟ್ಟೆಯಲ್ಲಿ ಹೆಪ್ಪುಗಟ್ಟಿಸುವುದು, ಮೆಷಿನಿಗೆ ಕೊಟ್ಟು ಶೀಟು ಮಾಡುವುದು ಅತ್ತೆಯದು. ಒಣಗಿದ ಶೀಟನ್ನು ಹೊಗೆಗೂಡಿನಲ್ಲಿ ತೂಗುಹಾಕಿ, ಬೆಂಕಿ ಹದ ನೋಡಿ, ಜೇನಿನ ಬಣ್ಣ ಬರುವವರೆಗೆ ಕಾಯುವುದು ದೊಡ್ಡಪ್ಪನದು. ಆ ಹೊಗೆಗೂಡು ಅವರ ಮಾನ. ಅದರ ಬಾಗಿಲನ್ನು ಬೇರೆಯವರು ತೆರೆದರೆ ಅವರಿಗೆ ಮೈಯೆಲ್ಲ ಉರಿ.

ಶೀಟು ಮಾರುವುದು ಕಡಬದಲ್ಲಿ. ಅಲ್ಲಿಯ ರಬ್ಬರ್ ಅಂಗಡಿಯವರ ಮನೆಮಾತು ಮಲಯಾಳ. ಊರೆಲ್ಲ ಅವರನ್ನು ಚೇಟ, ಅಂದರೆ ಅಣ್ಣ, ಎಂದೇ ಕರೆಯುವುದು, ಅವರು ಹೆಂಗಸರನ್ನೆಲ್ಲ ಚೇಚಿ, ಅಂದರೆ ಅಕ್ಕ, ಎನ್ನುವುದು. ಒಳ್ಳೆಯ ಮನುಷ್ಯ, ತಕ್ಕಡಿಯಲ್ಲಿ ಮೋಸವಿಲ್ಲ. ಶೀಟನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಒಳಗೆ ಗುಳ್ಳೆ, ಕಸ, ಮೋಡದಂಥ ಕಲೆ ಏನೂ ಇಲ್ಲದೆ ತಿಳಿಯಾಗಿದ್ದರೆ ಅದು ಗ್ರೇಡ್. ಇದ್ದರೆ ಲಾಟ್, ಕ್ರಯ ಕಡಿಮೆ. ಇದರ ಕೆಳಗೆ ಸ್ಕ್ರ್ಯಾಪು ಎಂಬುದೊಂದುಂಟು, ಅದರ ಮಾತು ಬೇಡ. ನಂಬಿಕೆಯ ಮನೆಗಳ ಕಟ್ಟು ಬಂದರೆ ಚೇಟ ಮೇಲಿನ ಒಂದು ಶೀಟು ನೋಡಿ ನೇರ ತಕ್ಕಡಿಗೆ ಹಾಕುತ್ತಾರೆ. ನಮ್ಮ ಕಟ್ಟು ಬಂದರೆ ಮಾತ್ರ ಒಂದೊಂದೇ ಶೀಟನ್ನು ಎತ್ತಿಕೊಂಡು ಅಂಗಡಿಯ ಬಾಗಿಲಿಗೆ ಹೋಗುವುದು, ಆಕಾಶಕ್ಕೆ ಹಿಡಿಯುವುದು, ಬಂದು ಮೆಲ್ಲಗೆ "ಲಾಟ್" ಎಂದು ಬದಿಗೆ ಇಡುವುದು. ಹೊರಗೆ ಜೀಪಿಗೆ ಕಾಯುವವರೆಲ್ಲ ನೋಡುತ್ತಿರುತ್ತಾರೆ. ಕಡಬದಿಂದ ನಮ್ಮೂರಿಗೆ ಬರುವ ಜೀಪಿನಲ್ಲಿ ಬೇರೆ ಮಾತೇ ಇಲ್ಲ. ಗ್ರೇಡಾ ಲಾಟಾ ಎಂಬ ಪ್ರಶ್ನೆ ಹತ್ತುವಾಗಲೇ ಎದುರು ಬರುತ್ತದೆ. ದೊಡ್ಡಪ್ಪ ಆ ಪ್ರಶ್ನೆಗೆ ಹೆದರಿ ಹಿಂದಿನ ಸೀಟಿನ ಮೂಲೆಯಲ್ಲಿ ಕುಳಿತು ನಿದ್ದೆ ಬಂದವರ ಹಾಗೆ ಮಾಡುತ್ತಿದ್ದರು.

ಅತ್ತೆಗೆ ಬೇಕಾಗಿದ್ದದ್ದು ಒಂದೇ. ನಮ್ಮ ಕಟ್ಟನ್ನು ಚೇಟ ಬಾಗಿಲಿಗೆ ಒಯ್ಯದೆ ತಕ್ಕಡಿಗೆ ಹಾಕಬೇಕು. ಮನೆಯ ಮಾತಿನ ಮೇಲೆ ಶೀಟು ತೂಗಬೇಕು. ಇದನ್ನು ಅವರು ಬಾಯಿಬಿಟ್ಟು ಹೇಳಿದ್ದು ಕಡಿಮೆ. ಆದರೆ ಚೇಟ ಬಾಗಿಲ ಕಡೆಗೆ ತಿರುಗಿದ ಕೂಡಲೇ ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಲು ಶುರು ಮಾಡುವುದನ್ನು ನಾನು ಕಂಡಿದ್ದೇನೆ.

ಇದರಲ್ಲಿ ವಿಚಿತ್ರವೆಂದರೆ, ಮನೆಯಿಂದ ಹೊರಡುವಾಗ ನಮ್ಮ ಶೀಟೆಲ್ಲ ಗ್ರೇಡೇ ಆಗಿರುತ್ತಿತ್ತು. ಬೆಳಗ್ಗೆ ಹಾಲು ತೆಗೆಯುವುದು, ಮಧ್ಯಾಹ್ನ ಮೆಷಿನು, ಆಮೇಲೆ ದನ, ಹುಲ್ಲು. ಗ್ರೇಡು, ಲಾಟು ಎಂದು ಶೀಟು ಆರಿಸಲು ಪುರುಸೊತ್ತು ಸಿಗುವುದು ದೀಪ ಹಚ್ಚುವ ಹೊತ್ತಿಗೆ. ಹೊಗೆಗೂಡಿನ ಮುಂದೆ ಒಂದು ಹಳದಿ ಬಲ್ಬು ನೇತಾಡುತ್ತಿತ್ತು. ದೊಡ್ಡಪ್ಪ ಅದರ ಕೆಳಗೆ ಕುಳಿತು ಒಂದೊಂದನ್ನೂ ಎತ್ತಿ ನೋಡಿ, ಆಹಾ ಎಂದು ತೃಪ್ತಿಯಿಂದ ಕಟ್ಟುತ್ತಿದ್ದರು. ಹಳದಿ ಬೆಳಕಿಗೆ ಹಿಡಿದರೆ ಹೊಗೆ ಕುಡಿದ ರಬ್ಬರು ಜೇನಿನ ಹಾಗೆ ಹೊಳೆಯದೆ ಇನ್ನೇನು ಮಾಡುತ್ತದೆ? ಆ ಬೆಳಕಿನಲ್ಲಿ ಹಳೆ ಗೋಣಿಚೀಲವೂ ಪೀತಾಂಬರವೇ.

ಗುಟ್ಟು ಗೊತ್ತಾದದ್ದು ಒಂದು ಸಂಜೆ, ಕೆಲಸದ ನಡುವೆ. ಅಟ್ಟಕ್ಕೆ ಸಾಗಿಸಲೆಂದು ಅತ್ತೆ ಒಂದಷ್ಟು ಶೀಟನ್ನು ತೋಳಿನ ಮೇಲೆ ಹಾಕಿಕೊಂಡು ಚಾವಡಿಯಲ್ಲಿ ಹಾದುಹೋಗುತ್ತಿದ್ದರು. ಚಾವಡಿಯ ಗೋಡೆಗೆ ಟ್ಯೂಬ್‌ಲೈಟು ಇತ್ತು. ಮೇಲಿನ ಶೀಟು ಜಾರಿತು, ಎರಡು ಕೈಯಲ್ಲಿ ಹಿಡಿದು ಎತ್ತುವಾಗ ಅದು ಟ್ಯೂಬಿಗೆ ಅಡ್ಡ ಬಂತು. ಅತ್ತೆ ಅಲ್ಲೇ ನಿಂತುಬಿಟ್ಟರು.

"ಅಣ್ಣ, ಇಲ್ಲೊಮ್ಮೆ ಬಾ. ಇದರಲ್ಲಿ ಗುಳ್ಳೆ ಉಂಟು."

"ಅದು ನಿನ್ನ ಕನ್ನಡಕದಲ್ಲಿರಬೇಕು," ಎಂದರು ದೊಡ್ಡಪ್ಪ, ಕುರ್ಚಿಯಿಂದ ಏಳದೆ.

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ನೋಡಿದರು. ಗುಳ್ಳೆ ಹೋಗಲಿಲ್ಲ. ಉಳಿದ ಶೀಟುಗಳನ್ನೂ ಹಿಡಿದರು. ಒಂದರಲ್ಲಿ ಮರದ ತೊಗಟೆಯ ಚೂರು, ಇನ್ನೊಂದರಲ್ಲಿ ಒಣಗದೆ ಉಳಿದ ಬಿಳಿ ಮಚ್ಚೆ. ಕಡಬದ ಬಾಗಿಲಿನಲ್ಲಿ ಚೇಟನಿಗೆ ಕಾಣುತ್ತಿದ್ದದ್ದೆಲ್ಲ ನಮ್ಮ ಚಾವಡಿಯಲ್ಲೇ ಕಾಣಿಸಿತು.

ಪುತ್ತೂರಿನ ಕಾಲೇಜಿನಲ್ಲಿ ವಿಜ್ಞಾನ ಓದಿದವರು ಮನೆಯಲ್ಲಿ ನಾನೊಬ್ಬನೇ. ಹಾಗಾಗಿ ಬಲ್ಬಿನಲ್ಲಿ ಕಾಣದ್ದು ಟ್ಯೂಬಿನಲ್ಲಿ ಯಾಕೆ ಕಂಡಿತು ಎಂದು ಅತ್ತೆ ನನ್ನನ್ನು ಹಿಡಿದು ಕೂರಿಸಿದರು. ನಾನು ತಿಳಿದಷ್ಟು ಹೇಳಿದೆ. ಬಲ್ಬಿನಲ್ಲಿ ಒಂದು ತಂತಿ ಕಾದು ಕೆಂಡದ ಹಾಗೆ ಬೆಳಗುತ್ತದೆ, ಅದಕ್ಕೇ ಆ ಹಳದಿ, ಆ ಬಿಸಿ. ಬೆಳಕೆಲ್ಲ ಒಂದೇ ಚುಕ್ಕಿಯಿಂದ ಬರುತ್ತದೆ. ಟ್ಯೂಬಿನ ಉದ್ದಕ್ಕೆ ತಂತಿಯೇ ಇಲ್ಲ. ಎರಡು ತುದಿಯಲ್ಲಿ ಸಣ್ಣ ಸುರುಳಿ, ನಡುವೆ ಸ್ವಲ್ಪ ಅನಿಲ, ಒಂದು ಚಿಟಿಕೆಗಿಂತ ಕಡಿಮೆ ಪಾದರಸ. ಸ್ವಿಚ್ಚು ಹಾಕಿದರೆ ಮೊದಲು ಸ್ಟಾರ್ಟರು ಸುರುಳಿಗಳನ್ನು ಬಿಸಿ ಮಾಡಿ ತಟ್ಟನೆ ಕೈಬಿಡುತ್ತದೆ. ಆ ಗಳಿಗೆಯಲ್ಲಿ ಪಟ್ಟಿಯೊಳಗಿನ ಚೋಕು ಎಂಬ ಡಬ್ಬಿ ಒಂದು ಜೋರಾದ ತಳ್ಳು ಕೊಡುತ್ತದೆ. ಕರೆಂಟು ಪಾದರಸದ ಆವಿಯ ಮೂಲಕ ಈ ತುದಿಯಿಂದ ಆ ತುದಿಗೆ ಹರಿಯತೊಡಗುತ್ತದೆ. ಒಮ್ಮೆ ಹರಿಯಲು ಶುರುವಾದರೆ ಅದಕ್ಕೆ ಲಂಗುಲಗಾಮಿಲ್ಲ. ಆಗ ಅದೇ ಚೋಕು ಮಿತಿಯಲ್ಲಿ ಹಿಡಿದಿಡುತ್ತದೆ. ಆದರೆ ಆ ಆವಿ ಕೊಡುವ ಬೆಳಕು ಹೆಚ್ಚಿನಂಶ ನಮ್ಮ ಕಣ್ಣಿಗೆ ಕಾಣುವುದೇ ಇಲ್ಲ. ಗಾಜಿನ ಒಳಮೈಗೆ ಸವರಿದ ಬಿಳಿ ಪುಡಿಗೆ ಅದು ತಾಗಿದಾಗ ಮಾತ್ರ ಕಾಣುವ ಬೆಳಕಾಗಿ ಹೊರಗೆ ಬರುತ್ತದೆ. ಬೆಳಗುವುದು ಪುಡಿ. ಹಾಗಾಗಿ ಉದ್ದಕ್ಕೂ ಒಂದೇ ಸಮ, ಬಿಸಿಯೂ ಕಡಿಮೆ.

ಅತ್ತೆ ಟ್ಯೂಬಿನ ಕಡೆ ನೋಡಿ, "ಹಾಗಾದರೆ ಪುಡಿ ಅಂದರೆ ನಮ್ಮ ಆಸಿಡ್ಡಿನ ಹಾಗೆ," ಎಂದರು. "ಹಾಲು ಹಾಲಾಗಿಯೇ ಇದ್ದರೆ ಯಾರ ಕೈಗೂ ಸಿಕ್ಕುದಿಲ್ಲ. ಆಸಿಡ್ ಬಿದ್ದರೆ ಹಿಡಿಲಿಕ್ಕೆ ಆಗ್ತದೆ."

ಚೋಕಿಗೂ ಅವರದೇ ಲೆಕ್ಕ ಸಿಕ್ಕಿತು. ಜೀಪು ಏರು ಹತ್ತುವಾಗ ಹಿಂದಿನಿಂದ ದೂಡುವವನೂ ಅವನೇ, ಇಳಿಜಾರಿನಲ್ಲಿ ಬ್ರೇಕು ಒತ್ತುವವನೂ ಅವನೇ. ಅಂದಿನಿಂದ ಯಾರಿಗೆ ಟ್ಯೂಬ್‌ಲೈಟಿನ ವಿಷಯ ಹೇಳಬೇಕಾದರೂ ನಾನು ಪಾಠದ ಮಾತು ಬಿಟ್ಟು ಅತ್ತೆಯ ಮಾತನ್ನೇ ಹೇಳುತ್ತೇನೆ. ಬೇಗ ತಲೆಗೆ ಹೋಗುತ್ತದೆ.

ಶೀಟು ಆರಿಸುವ ಕೆಲಸ ಚಾವಡಿಗೆ ಬಂತು. ಹೊಗೆರಬ್ಬರಿನ ವಾಸನೆ ಗೊತ್ತಿದ್ದವರಿಗೆ ಮುಂದಿನದು ಹೇಳಬೇಕಾಗಿಲ್ಲ. ಸೋಫಾಕ್ಕೆ ವಾಸನೆ, ಪರದೆಗೆ ವಾಸನೆ, ಬಂದ ನೆಂಟರ ಕಾಫಿಗೂ ವಾಸನೆ. ದೊಡ್ಡಪ್ಪ ಗೊಣಗಿದರು, ಅಮ್ಮನೂ ದೊಡ್ಡಪ್ಪನ ಪಕ್ಷ ಸೇರಿದರು. ಇದೇ ಹೊತ್ತಿಗೆ ಮನೆಯ ವಯರಿಂಗ್ ಹಳತಾಗಿ ಹೊಸತು ಮಾಡಿಸಿದೆವು. ದೀಪವೆಲ್ಲ ಎಲ್‌ಇಡಿ ಆಯಿತು. ಚಾವಡಿಯ ಮತ್ತು ಅಡುಗೆಮನೆಯ ಟ್ಯೂಬು, ಚೋಕು, ಪಟ್ಟಿ ಸಮೇತ ಅಂಗಳಕ್ಕೆ ಇಳಿದವು. ವಯರಿಂಗಿನವರು ಗುಜರಿಗೆ ಕೊಡಲು ಹೊರಟಾಗ ಅತ್ತೆ ಎರಡನ್ನೂ ಎತ್ತಿ ಒಳಗಿಟ್ಟರು.

ಹಳೆಯ ಕಪಾಟಿನ ಗಾಜಿನ ಬಾಗಿಲು ಅಟ್ಟದಲ್ಲಿತ್ತು. ಅದನ್ನು ಜಗಲಿಯಲ್ಲಿ ನಿಲ್ಲಿಸಿ, ಹಿಂದೆ ಎರಡು ಟ್ಯೂಬನ್ನು ಅಡ್ಡಕ್ಕೆ ಕೂರಿಸಲಾಯಿತು. ವಯರಿಂಗಿನವರೇ ನಗುತ್ತ ಮಾಡಿಕೊಟ್ಟರು. ಟ್ಯೂಬಿನ ಹಿಂದೆ ಒಂದು ಹಲಗೆ, ಬೆಳಕು ಹಿಂದಕ್ಕೆ ಪೋಲಾಗದಿರಲೆಂದು ಅದಕ್ಕೆ ಅತ್ತೆ ಸುಣ್ಣ ಬಳಿದರು. ಆದರೂ ಗಾಜಿನ ಮೂಲಕ ಟ್ಯೂಬುಗಳು ಎರಡು ಗೆರೆಯಾಗಿ ಕಣ್ಣಿಗೆ ಕುಕ್ಕುತ್ತಿದ್ದವು, ನಡುವೆ ಮಬ್ಬು. ಏನಾದರೂ ತೆಳ್ಳಗಿನ ಬಿಳಿ ಬಟ್ಟೆ ಬೇಕಿತ್ತು. ಹಗ್ಗದ ಮೇಲೆ ದೊಡ್ಡಪ್ಪನ ಪಂಚೆ ಒಣಗುತ್ತಿತ್ತು. ಅದರ ಅಂಚು ಹರಿದದ್ದು ನಿಜ, ಆದರೆ ದೊಡ್ಡಪ್ಪನಿಗೆ ಹೇಳದೆ ತೆಗೆದದ್ದೂ ನಿಜ. ಎಳೆದು ಕಟ್ಟಿ ಸ್ವಿಚ್ಚು ಹಾಕಿದಾಗ ಪಂಚೆಯಿಡೀ ಒಂದೇ ಸಮನಾಗಿ ಬೆಳಗಿತು, ಮೋಡ ತೆಳುವಾದ ಆಕಾಶದ ಹಾಗೆ. ಕಡಬದ ಅಂಗಡಿ ಬಾಗಿಲಿನ ಬೆಳಕು ನಮ್ಮ ಜಗಲಿಗೆ ಬಂದಿತ್ತು.

ದೊಡ್ಡಪ್ಪ ತೋಟದಿಂದ ಬಂದು ನೋಡಿದರು. ತನ್ನ ಪಂಚೆಯನ್ನು ಗುರುತಿಸಿದರು.

"ಎಂತ ತಂಗಿ, ರಬ್ಬರಿಗೆ ಎಕ್ಸ್‌ರೇ ತೆಗಿಯುದಾ? ಜ್ವರ ಗಿರ ಉಂಟಾ ಅದಕ್ಕೆ?"

"ಜ್ವರ ಇಲ್ಲ, ಗುಳ್ಳೆ ಉಂಟು," ಎಂದರು ಅತ್ತೆ. "ಡಾಕ್ಟ್ರ ಪಂಚೆ ತಕೊಂಡೆ, ಬೇಜಾರಿಲ್ಲಲ್ಲ?"

ಎಕ್ಸ್‌ರೇ ಎಂಬ ಹೆಸರು ಅಲ್ಲಿಗೇ ನಿಂತಿತು. ಈಗಲೂ ನಮ್ಮಲ್ಲಿ ಶೀಟು ಆರಿಸುವುದಕ್ಕೆ ಎಕ್ಸ್‌ರೇಗೆ ಕೂರುವುದು ಎಂದೇ ಹೇಳುವುದು.

ಬೆಳಕು ಬಂದರೆ ಶೀಟು ಒಳ್ಳೆಯದಾಗುವುದಿಲ್ಲ, ಕೆಟ್ಟದ್ದು ಕಾಣುತ್ತದೆ ಅಷ್ಟೇ. ಮೊದಲ ವಾರಗಳಲ್ಲಿ ಲಾಟಿನ ರಾಶಿಯೇ ದೊಡ್ಡದಾಯಿತು. ಇಷ್ಟು ಸಮಯ ಚೇಟ ಹೇಳಿದ್ದು ಕಡಿಮೆಯೇ ಎಂದು ನನಗೆ ಅನಿಸಿತು. ಅತ್ತೆ ಮಾತ್ರ ಒಂದೊಂದು ಕಲೆಯ ಹಿಂದೆಯೂ ಹೋದರು. ತೊಗಟೆ ಚೂರು ಕಂಡರೆ ಸೋಸುವ ಜರಡಿ ಬದಲಾಯಿತು. ತಟ್ಟೆಗೆ ಹೊಯ್ದ ಹಾಲಿನ ಮೇಲೆ ನೊರೆ ಉಳಿದರೆ ಅದೇ ಒಳಗೆ ಗುಳ್ಳೆಯಾಗುತ್ತದೆ ಎಂದು ಕಂಡುಕೊಂಡ ಮೇಲೆ ಒಂದು ಹಲಗೆಯ ತುಂಡಿನಿಂದ ನೊರೆಯನ್ನು ಬದಿಗೆ ಎಳೆದು ತೆಗೆಯುವುದು ಅಭ್ಯಾಸವಾಯಿತು. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಎಂದು ಅಜ್ಜಿ ಹೇಳುತ್ತಿದ್ದ ಗಾದೆಗೆ ನಮ್ಮ ರಬ್ಬರಿನಲ್ಲಿ ಹೀಗೊಂದು ಅರ್ಥ ಸಿಕ್ಕಿತು. ಬಿಳಿ ಮಚ್ಚೆ ಇದ್ದರೆ ಇನ್ನೊಂದು ದಿನ ಒಣಗಿಸಬೇಕು. ಇಷ್ಟರವರೆಗೆ ದೊಡ್ಡಪ್ಪನ ತಕರಾರಿಲ್ಲ, ಎಲ್ಲ ಅತ್ತೆಯ ಪಾಲಿನ ಕೆಲಸವೇ. ಆದರೆ ಗೂಡಿನಲ್ಲಿ ಬೆಂಕಿ ಹೆಚ್ಚಾದರೂ ಗುಳ್ಳೆ ಏಳುತ್ತದೆ ಎಂದು ಅತ್ತೆ ಹೇಳಿದ ದಿನ ದೊಡ್ಡಪ್ಪನ ಮುಖ ಸಪ್ಪಗಾಯಿತು. ಮೂವತ್ತು ವರ್ಷದಿಂದ ಹೊಗೆ ಹಾಕಿದವನಿಗೆ ಟ್ಯೂಬ್‌ಲೈಟಿನಿಂದ ಪಾಠವಾ ಎಂದು ಅಪ್ಪನ ಹತ್ತಿರ ಹೇಳಿಕೊಂಡರಂತೆ. ಬೆಂಕಿಯನ್ನು ಮಾತ್ರ ಯಾರಿಗೂ ತಿಳಿಯದ ಹಾಗೆ ಸಣ್ಣ ಮಾಡಿದರು. ಅದು ಅತ್ತೆಗೆ ತಿಳಿಯಿತು, ಪಂಚೆಯ ಬೆಳಕಿನಲ್ಲಿ ಗುಳ್ಳೆ ಕಡಿಮೆಯಾದಾಗ. ಲಾಟ್ ಕಡಿಮೆಯಾದರೂ ಪೂರ್ತಿ ನಿಲ್ಲಲಿಲ್ಲ, ಚೇಟ ಬಾಗಿಲಿಗೆ ಒಯ್ಯುವುದೂ ನಿಲ್ಲಲಿಲ್ಲ.

ಕಳೆದ ಮಳೆಗಾಲದಲ್ಲಿ ಒಂದು ಟ್ಯೂಬಿನ ತುದಿ ಕಪ್ಪಾಗಿ, ಸಂಜೆ ವೋಲ್ಟೇಜು ಇಳಿದ ಕೂಡಲೇ ಮಿಣಿಮಿಣಿ ಮಾಡತೊಡಗಿತು. ಸ್ಟಾರ್ಟರು ಟಿಕ್ ಟಿಕ್ ಎನ್ನುವುದು, ಹೊತ್ತಿದ ಹಾಗೆ ಮಾಡಿ ಆರುವುದು. ಕಡಬದ ಇಲೆಕ್ಟ್ರಿಕ್ ಅಂಗಡಿಯಲ್ಲಿ ಕೇಳಿದರೆ ಈಗ ಆ ಟ್ಯೂಬು ಯಾರು ತಕೊಳ್ತಾರೆ ಎಂದು ನಕ್ಕರು. ಹತ್ತಿರದ ಆಲಂಕಾರು ಪೇಟೆಯಲ್ಲೂ ಇಲ್ಲ. ಎಲ್‌ಇಡಿ ಹಾಕುವ ಎಂದೆ ನಾನು, ಅದೂ ಬಿಳಿ ಬೆಳಕೇ, ಕರೆಂಟೂ ಕಡಿಮೆ. ಅತ್ತೆ ಒಪ್ಪಲಿಲ್ಲ. ಎಲ್‌ಇಡಿ ಕೆಟ್ಟದೆಂದಲ್ಲ, ಈ ಬೆಳಕಿಗೆ ಕಣ್ಣು ಪಳಗಿದೆ, ಇನ್ನೊಂದಕ್ಕೆ ಪಳಗುವವರೆಗೆ ಯಾವ ಶೀಟಿಗೂ ತಾನು ಜವಾಬ್ದಾರಿಯಲ್ಲ ಎಂದರು. ಕೊನೆಗೆ ಪುತ್ತೂರಿನ ಒಂದು ಹಳೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಸಿಕ್ಕಿತು. ಅದನ್ನು ಅಡಿಕೆ ಹಾಳೆಯಲ್ಲಿ ಸುತ್ತಿ, ಮಗುವಿನ ಹಾಗೆ ಎದೆಗೆ ಒರಗಿಸಿಕೊಂಡು ಬಸ್ಸಿನಲ್ಲಿ ತಂದೆ. ದಾರಿಯುದ್ದಕ್ಕೂ ನಿಂತವರೆಲ್ಲ ಅದಕ್ಕೆ ಜಾಗ ಬಿಟ್ಟು ನಿಂತರು. ನನಗೆ ಯಾರೂ ಜಾಗ ಕೊಡಲಿಲ್ಲ.

ಹೊಸ ಟ್ಯೂಬಿನಲ್ಲಿ ಆರಿಸಿದ ಮೊದಲ ಕಟ್ಟು ಕಡಬಕ್ಕೆ ಹೊರಟ ದಿನ ನಾನು, ಅತ್ತೆ, ದೊಡ್ಡಪ್ಪ ಮೂವರೂ ಹೋದೆವು. ಅತ್ತೆ ಹಿಂದಿನ ಸಂಜೆ ಒಂದೊಂದೇ ಶೀಟು ನೋಡಿ, ಗ್ರೇಡ್ ಎಂದದ್ದನ್ನು ಕಟ್ಟಲು ದೊಡ್ಡಪ್ಪನಿಗೆ ಕೊಟ್ಟು, ಲಾಟಿನವನ್ನು ಮೂಲೆಗೆ ಸರಿಸಿದ್ದರು. ಆ ಲಾಟಿನಲ್ಲಿ ಎರಡು ಶೀಟಿನ ಬಣ್ಣ ಬಹಳ ಚಂದ ಬಂದಿತ್ತು, ಅಂಥ ಹೊಗೆ ಅಪರೂಪ. ಆದರೆ ಒಂದು ಮೂಲೆಯಲ್ಲಿ ಗುಳ್ಳೆ. ದೊಡ್ಡಪ್ಪ ಅವೆರಡನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡುತ್ತಿದ್ದದ್ದು ನನಗೆ ನೆನಪಿದೆ.

ಕಡಬದಲ್ಲಿ ಆ ದಿನ ಮೋಡ, ಅಂಗಡಿಯ ಬಾಗಿಲಿನಲ್ಲೂ ಮಂಕು ಬೆಳಕು. ಚೇಟ ವಾಡಿಕೆಯಂತೆ ನಮ್ಮ ಕಟ್ಟು ಬಿಚ್ಚಿ ಬಾಗಿಲಿಗೆ ನಡೆದರು. ಅತ್ತೆಯ ಬೆರಳಿಗೆ ಸೆರಗು ಸುತ್ತಿಕೊಂಡಿತು. ಚೇಟ ಒಂದು ನೋಡಿದರು, ಇನ್ನೊಂದು ನೋಡಿದರು, ಯಾವುದನ್ನೂ ಬದಿಗಿಡದೆ ಬಂದು ಮತ್ತೆ ಕೆಲವನ್ನು ಒಯ್ದರು. ಕೆಳಗಿನ ಎರಡನ್ನು ಬಾಗಿಲಲ್ಲಿ ಸ್ವಲ್ಪ ಹೆಚ್ಚೇ ಹೊತ್ತು ಹಿಡಿದು, ತಂದು ಒಟ್ಟಿಗೆ ಇಟ್ಟು, "ಎಲ್ಲ ಗ್ರೇಡ್ ಚೇಚಿ," ಎಂದರು.

ಇಷ್ಟು ವರ್ಷ ಕಾದ ಮಾತು. ನಾನು ನಕ್ಕು ಅತ್ತೆಯ ಮುಖ ನೋಡಿದರೆ ಅಲ್ಲಿ ನಗುವಿಲ್ಲ. ಅವರ ಕಣ್ಣು ಆ ಕೆಳಗಿನ ಎರಡು ಶೀಟಿನ ಮೇಲೆ. ಹಿಂದಿನ ಸಂಜೆ ದೊಡ್ಡಪ್ಪನ ಕೈಯಲ್ಲಿ ಕಂಡ ಆ ಬಣ್ಣ ನನಗೂ ಗುರುತು ಸಿಕ್ಕಿತು. ದೊಡ್ಡಪ್ಪ ಗೋಡೆಯ ಕ್ಯಾಲೆಂಡರನ್ನು ಓದುತ್ತಿದ್ದರು.

ಚೇಟ ಕಟ್ಟನ್ನು ತಕ್ಕಡಿಗೆ ಎತ್ತಿದರು. ಸುಮ್ಮನಿದ್ದರೆ ಮುಗಿಯಿತು. ಅತ್ತೆ ಮುಂದೆ ಹೋಗಿ ತಕ್ಕಡಿಯ ಮೇಲಿಂದಲೇ ಆ ಎರಡನ್ನು ಎಳೆದು ತೆಗೆದರು.

"ಎಲ್ಲ ಅಲ್ಲ ಚೇಟ. ಇದೆರಡು ಲಾಟ್. ನಮ್ಮಲ್ಲಿ ಕಟ್ಟುವಾಗ ತಪ್ಪಿ ಬಂತು."

ಚೇಟ ಅವನ್ನು ಮತ್ತೆ ಬಾಗಿಲಿಗೆ ಹಿಡಿದರು. "ಎಂತ ಉಂಟು ಇದರಲ್ಲಿ? ನನಗೆ ಕಾಣುದಿಲ್ಲಲ್ಲ."

"ಎಡದ ಮೂಲೆ. ಸಾಸಿವೆಯ ಹಾಗೆ ನಾಲ್ಕು ಗುಳ್ಳೆ."

ಚೇಟ ಮೊಬೈಲಿನ ಟಾರ್ಚು ಹಾಕಿ ಹಿಂದಿನಿಂದ ಹಿಡಿದು ಬಗ್ಗಿ ನೋಡಿದರು. ಆಮೇಲೆ ಟಾರ್ಚು ಆರಿಸಿ, ಅತ್ತೆಯನ್ನು ನೋಡಿ, ಆ ಎರಡನ್ನು ಬದಿಗಿಟ್ಟರು. ಮೋಡದ ಹಗಲಿನಲ್ಲಿ ಇದು ಕಾಣಿಸುವ ದೀಪ ಯಾವುದು ಎಂದು ಕೇಳಿದರು. ಅತ್ತೆ ಹೇಳಿದರು. ಪಂಚೆಯ ವಿಷಯ ಬಂದಾಗ ಚೇಟ ದೊಡ್ಡಪ್ಪನ ಕಡೆ ನೋಡಿ ನಕ್ಕರು, ದೊಡ್ಡಪ್ಪನೂ ಕ್ಯಾಲೆಂಡರಿನಿಂದ ಕಣ್ಣು ತೆಗೆದು ಸ್ವಲ್ಪ ನಕ್ಕರು. ಹೊರಡುವಾಗ ಚೇಟ ಹೇಳಿದ್ದು ಇಷ್ಟೇ. "ಇನ್ನು ನಿಮ್ಮ ಕಟ್ಟು ಬಿಚ್ಚುದಿಲ್ಲ ಚೇಚಿ. ಗ್ರೇಡಾ ಲಾಟಾ, ನೀವೇ ಹೇಳಿದರೆ ಸಾಕು."

ಅತ್ತೆ ಸೆರಗನ್ನು ಬೆರಳಿನಿಂದ ಬಿಡಿಸಿ ನೆಟ್ಟಗೆ ಮಾಡಿದರು. ಆ ಎರಡು ಶೀಟಿನ ಬಗ್ಗೆ ಅಣ್ಣನಿಗೆ ಒಂದು ಮಾತೂ ಹೇಳಲಿಲ್ಲ, ಅಂದೂ ಇಲ್ಲ, ಆಮೇಲೂ ಇಲ್ಲ. ನನಗೆ ಹೆಮ್ಮೆ ಚೇಟನ ಮಾತಿಗಿಂತ ಹೆಚ್ಚು ಇದರ ಬಗ್ಗೆ.

ಜೀಪು ತುಂಬಿತ್ತು. ದೊಡ್ಡಪ್ಪ ಹಿಂದಿನ ಮೂಲೆಗೆ ಹೋಗಲಿಲ್ಲ. ಮುಂದೆ ಡ್ರೈವರನ ಪಕ್ಕ ಇದ್ದ ಅರ್ಧ ಜಾಗದಲ್ಲಿ ಒತ್ತಿ ಕುಳಿತರು. ಹಿಂದಿನಿಂದ ನಮ್ಮ ನೆರೆಯವರೊಬ್ಬರು ಎಂದಿನ ಪ್ರಶ್ನೆ ಕೇಳಿದರು. ಆ ಕೇಳುವ ದನಿಯಲ್ಲಿ ಉತ್ತರ ಗೊತ್ತಿದ್ದವರ ನಗುವಿತ್ತು.

ದೊಡ್ಡಪ್ಪ ಪೂರ್ತಿ ತಿರುಗಿ ಕುಳಿತರು, ಜೀಪಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ.

"ಎರಡು ಲಾಟ್ ಮಾರಾಯ್ರೆ," ಎಂದರು. "ಚೇಟ ಗ್ರೇಡ್ ಹೇಳಿದ್ದು. ನಮ್ಮ ತಂಗಿ ಲಾಟ್ ಹೇಳಿದ್ದು. ತಂಗಿ ಹೇಳಿದ್ದೇ ಸರಿ."